ಗೊತ್ತಿದ್ದರೂ ಚೀಟಿ

ಔಂಧ್, ಮೂರನೆಯ ಮಹಡಿ. ಕೆಳಗೆ ಚೌಕದ ಸಿಗ್ನಲ್ಲು
ಹನ್ನೊಂದಕ್ಕೆ ಹಳದಿ ಮಿಣುಕಿಗೆ ಇಳಿದಿದೆ.
ಹೊಸ ಚಿಪ್ಪಿಗೆ ತಾನೇ ಸುತ್ತುವುದು ಬರುತ್ತದಂತೆ:
ಎಲ್ಲಿ ಶುರು, ಎಲ್ಲಿ ಕೊನೆ, ಎಷ್ಟು ಸಲ,
ಮೂರು ಮಾತು ಮೊದಲೇ ಹೇಳಿಬಿಟ್ಟರೆ
ಮತ್ತೆ ಕೇಳುವುದಿಲ್ಲ.

ನಮ್ಮ ಅಸೆಂಬ್ಲರಿಗೆ ಗೊತ್ತಿದ್ದದ್ದು ಹಳೆಯ ರೂಢಿ:
ಒಂದು ಕಳೆ, ಸೊನ್ನೆಯಾಯಿತೇ ನೋಡು,
ಆಗದಿದ್ದರೆ ಹಿಂದಕ್ಕೆ ಹಾರು.
ನಮ್ಮ ಮನೆಯೊಡತಿ ದ್ವಾರಕಾಬಾಯಿ
ಗುರುವಾರ ಅತ್ತಿಮರಕ್ಕೆ ನೂರೆಂಟು ಸುತ್ತು ಬರುವಾಗ
ಪ್ರತಿ ಸುತ್ತಿಗೂ ನಿಂತು, ಬಗ್ಗಿ,
ಈ ಬಟ್ಟಲಿನ ಹುಣಸೆಬೀಜ ಆ ಬಟ್ಟಲಿಗೆ.
ಮಂಡಿನೋವು ಸುತ್ತಿನದಲ್ಲ, ಎಣಿಕೆಯದು
ಎಂದೆ ಒಮ್ಮೆ. ಅವರು ನಗಲಿಲ್ಲ.

ಕಲಿಸಲು ಮೂರು ವಾರ ಹಿಡಿಯಿತು.
ಕೊನೆಯ ಸಾಲು ಜಿಗಿತವಾಗಿರಬಾರದು.
ಸೊನ್ನೆ ಸಲ ಎಂದರೆ ಒಳಗೆ ಕಾಲಿಡಲೇಬಾರದು
(ಇದನ್ನು ಮರೆತು ಒಂದು ಮಧ್ಯಾಹ್ನ
ನಾನೂರ ಇಪ್ಪತ್ತೊಂಬತ್ತು ಕೋಟಿ ಸಲ ಸುತ್ತಿಸಿದ್ದೇನೆ).
ಕೊನೆ ದೂರದಲ್ಲಿದ್ದರೆ ಜಾಗ ಖಾಲಿ ಬಿಟ್ಟು
ಒಂದು ಚೀಟಿ ಬರೆದಿಡು:
ಲಿಂಕರಣ್ಣಾ, ಇಲ್ಲಿ ನೀನೇ ತುಂಬು.

ಬುಧವಾರ ಫಿರೋಜಾ ಮುಲಾಣಿ ಟೆಸ್ಟಿನ ಮೇಜಿನಿಂದ ಕೂಗಿದಳು:
ಎಂಟು ಸಲ ಕೂಡಬೇಕಾದದ್ದು
ಒಂದೇ ಸಲ ಕೂಡಿ ಹೊರಟುಹೋಗುತ್ತಿದೆ!

ರಾತ್ರಿಯೆಲ್ಲ ಹೆಕ್ಸ್ ಸಾಲುಗಳ ಮೇಲೆ ಬೆರಳಾಡಿಸಿದೆವು.
ಲಿಂಕರು ಜಿಪುಣ. ದೂರದ ಕರೆಯೊಂದನ್ನು
ಹತ್ತಿರದ ಕರೆ ಮಾಡಿ ಎರಡು ಬೈಟು ಉಳಿಸಿತ್ತು,
ಕೆಳಗಿನದೆಲ್ಲ ಎರಡು ಬೈಟು ಮೇಲಕ್ಕೆ ಸರಿದಿತ್ತು.
ಕೊನೆಯ ಗುರುತು ಮಾತ್ರ ಇದ್ದಲ್ಲೇ ನಿಂತು
ಇನ್ಯಾವುದೋ ಸೂಚನೆಯ ಹೊಟ್ಟೆಯ ನಡುವೆ,
ಯಾರೂ ಇಳಿಯದ ಸ್ಟಾಪಿನ ಹಾಗೆ.
ಕೊನೆ ಬರಲೇ ಇಲ್ಲ, ಆದ್ದರಿಂದ ಮರಳಲೂ ಇಲ್ಲ.

ತಪ್ಪು ಲಿಂಕರಿನದಲ್ಲ. ಚೀಟಿಯೇ ಇರಲಿಲ್ಲ.
ಶುರು, ಕೊನೆ ಎರಡೂ ಒಂದೇ ಕಡತದಲ್ಲಿ
ಕಣ್ಣೆದುರಿಗೇ ಇವೆಯಲ್ಲ ಎಂದು
ಅಸೆಂಬ್ಲರು ತಾನೇ ಎಣಿಸಿ ಬರೆದುಬಿಟ್ಟಿತ್ತು.
ಹಾಗೆ ಬರೆ ಎಂದವಳು ನಾನು.
ತಿದ್ದುಪಡಿ ನಾಲ್ಕು ಸಾಲು:
ಗೊತ್ತಿದ್ದರೂ ಚೀಟಿ ಬರೆ.

ಬೆಳಿಗ್ಗೆ ಮನೆಗೆ ಬಂದರೆ ಗುರುವಾರ.
ದ್ವಾರಕಾಬಾಯಿ ಎರಡೂ ಬಟ್ಟಲು ನನ್ನ ಮಡಿಲಿಗಿಟ್ಟು
‘ನೀನು ಎಣಿಸು, ನಾನು ನಡೀತೀನಿ’ ಅಂದರು.
ನಿಲ್ಲದೆ, ಬಗ್ಗದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ
ಎಷ್ಟು ಜೋರು ಆ ನಡಿಗೆ!

ಫೋನು ಬಂತು. ಫಿರೋಜಾ: ಎಂಟಕ್ಕೆ ಎಂಟು.
ಇಟ್ಟು ನೋಡುತ್ತೇನೆ,
ಎಪ್ಪತ್ತೋ, ಎಪ್ಪತ್ತೊಂದೋ,
ಕೈಯಲ್ಲೊಂದು ಬೀಜ ಬೆವರುತ್ತಿದೆ.
ಅವರು ಮರದ ಆಚೆ ಬದಿಯಲ್ಲಿದ್ದಾರೆ.
ಕೇಳುವುದಿಲ್ಲ.