ಕಾರ್ಬನ್ ಪ್ರತಿ

ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.
ಕಿಲೋಗೆ ಹನ್ನೆರಡು, ಮಾವಶಿ, ಮೇಲೆ ಒಂದು ಪೈಸೆ ಇಲ್ಲ.
ಈ ಕಟ್ಟಿನ ದಾರ ನಾನು ಬಿಚ್ಚಬಾರದಿತ್ತು.

ಯಾವೆರ್ ಕೆಂಗರ್ಲಿ. ಎಂಬತ್ತಾರರ ಆಗಸ್ಟು.
ಬಾಕುವಿನಿಂದ ಮಾಸ್ಕೋ, ಅಲ್ಲಿಂದ ಮುಂಬಯಿ,
ಡೆಕ್ಕನ್ ಕ್ವೀನಿನಲ್ಲಿ ಪುಣೆಗೆ ಬಂದಿಳಿದಾಗ
ಆ ಸೆಕೆಯಲ್ಲೂ ತಲೆಯ ಮೇಲೆ ಉಣ್ಣೆಯ ಟೋಪಿ,
ಸೂಟ್‌ಕೇಸಿನ ತುಂಬ ಕಾಗದ, ಎರಡೇ ಅಂಗಿ.
ಗಣಿತದವರು ಅವರನ್ನು ಭೌತವಿಜ್ಞಾನಿ ಅಂದರು,
ಭೌತವಿಜ್ಞಾನದವರು ಗಣಿತದವರು ಅಂದರು;
ಕಡೆಗೆ ಎರಡೂ ವಿಭಾಗಗಳ ನಡುವಿನ ಕಾರಿಡಾರಿನಲ್ಲಿ
ನನ್ನ ಟೈಪ್‌ರೈಟರಿನ ಎದುರಿಗೆ ಒಂದು ಮೇಜು ಹಾಕಿಸಿದರು.

ಎಲ್ಲರಿಗೂ ನಾನು ಮಿಸ್ ಹಂಚಿನಾಳ.
ಮೊದಲ ದಿನವೇ ನಕ್ಕರು: ಮಿಸ್ ಅಂದರೆ
ನಮ್ಮ ಮಾತಿನಲ್ಲಿ ತಾಮ್ರ.
ವಿಜಾಪುರದವಳು ನಾನು, ಬಣ್ಣಕ್ಕೆ ಅಂದರೇನೋ ಎಂದು
ಎರಡು ದಿನ ಮಾತು ಬಿಟ್ಟೆ.

ಆಮೇಲೆ ತಿಳಿಯಿತು. ಲಾಹಿಜ್ ಎಂಬ ಬೆಟ್ಟದೂರು,
ಬೀದಿಯುದ್ದಕ್ಕೂ ತಾಮ್ರ ಬಡಿಯುವವರು.
ಅಪ್ಪ ಕಣ್ಣು ಮುಚ್ಚಿ ಹಂಡೆಗೊಂದು ಬೆರಳು ತಾಗಿಸಿ
ಸದ್ದಿನಲ್ಲೇ ಹೇಳುತ್ತಿದ್ದರಂತೆ
ಎಲ್ಲಿ ತೆಳುವಾಗಿದೆ, ಯಾವ ಚಳಿಗಾಲಕ್ಕೆ ಬಿರುಕು ಬರುತ್ತದೆ.
ನಲವತ್ತೆರಡರಲ್ಲಿ ಯುದ್ಧಕ್ಕೆ ಹೋದರು.
ತಿರುಗಿ ಬಂದದ್ದು ಮೂರು ಸಾಲಿನ ಕಾಗದ.
ಹನ್ನೊಂದರ ಹುಡುಗ ಕೊನೆಯ ಹಂಡೆಯನ್ನು
ತಟ್ಟಿ ತಟ್ಟಿ ಕಿವಿಗೊಟ್ಟ.
ಅಪ್ಪನಿಗೆ ಕೇಳುತ್ತಿದ್ದದ್ದು ಅವನಿಗೆ ಕೇಳಲಿಲ್ಲ.
ಅದಕ್ಕೇ ಗಣಿತ, ಅಂದರು,
ಕಿವಿ ಇಲ್ಲದವರ ಕಿವಿ.

ಹಾಗಾಗಿ ನಲವತ್ತು ವರ್ಷ ಒಂದೇ ಪ್ರಶ್ನೆ:
ಕಂಪನವಷ್ಟೇ ಗೊತ್ತಿದ್ದರೆ ಪಾತ್ರೆಯ ಆಕಾರ ಹೇಳಬಹುದೇ?
ಮೊದಲ ಪ್ರಮೇಯಕ್ಕೆ ಗುರುವಿನ ಹೆಸರು ಬಿತ್ತು,
ಎರಡನೆಯದರಲ್ಲಿ ತಪ್ಪು ಸಿಕ್ಕಿತು, ತಾವೇ ಹುಡುಕಿದ್ದು.
ಮೂರನೆಯದನ್ನು ನಾನು ಟೈಪ್ ಮಾಡಿದೆ.

ನನ್ನ ಯಂತ್ರದಲ್ಲಿ ಲ್ಯಾಂಬ್ಡಾ ಇರಲಿಲ್ಲ.
ಚಿಹ್ನೆ ಬಂದಲ್ಲೆಲ್ಲ ಐದು ಅಕ್ಷರದ ಜಾಗ ಬಿಡುತ್ತಿದ್ದೆ;
ಸಂಜೆ ಇರಾನಿ ಹೋಟೆಲಿನಲ್ಲಿ
ಸಕ್ಕರೆ ಗಡ್ಡೆ ಹಲ್ಲಿನಲ್ಲಿ ಕಚ್ಚಿ ಅದರ ಮೇಲೆ ಚಹಾ ಹರಿಸುತ್ತ
ಒಂದೊಂದೇ ತುಂಬುವರು, ಬೊಚ್ಚುಬಾಯಿಗೆ
ಹಲ್ಲು ಕಟ್ಟಿದ ಹಾಗೆ.

ಒಂದು ರವಿವಾರ ಕಸಬಾ ಪೇಟೆಯ ತಾಂಬಟ ಆಳಿಗೆ ಕರೆದೊಯ್ದೆ.
ತಿರುವಿನಲ್ಲೇ ಸದ್ದು ಕೇಳಿ ನಿಂತರು,
ಬೂಟು ಕಳಚಿದರು. ಯಾರೂ ಹೇಳಿರಲಿಲ್ಲ.
ವಡಕೆ ಕಾಕಾ ಸುತ್ತಿಗೆ ಕೈಗಿತ್ತ.
ಹದಿನಾರು ಪೆಟ್ಟು ನೆಟ್ಟಗೆ ಬಿದ್ದವು;
ಹದಿನೇಳನೆಯದಕ್ಕೆ ತಲೆಯೆತ್ತದೆಯೇ ಕಾಕಾ, ಚುಕಲಾ, ಅಂದ.
ಅರ್ಥ ಹೇಳಲು ನಾನು ಬೇಕಾಗಲಿಲ್ಲ.
ರಿಕ್ಷಾದಲ್ಲಿ ದಾರಿಯುದ್ದಕ್ಕೂ
ಬಲಗೈ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದರು.

ತೊಂಬತ್ತೊಂದರ ಡಿಸೆಂಬರಿನಲ್ಲಿ
ಅವರ ಪಾಸ್‌ಪೋರ್ಟಿನ ದೇಶ ಮುಗಿದುಹೋಯಿತು.
ರಾಷ್ಟ್ರೀಯತೆಯ ಕಾಲಮ್ಮಿನಲ್ಲಿ ಏನು ಹೊಡೆಯಲಿ, ಕೇಳಿದೆ.
ಐದು ಅಕ್ಷರದ ಜಾಗ ಬಿಡಿ ಮಿಸ್,
ಆಮೇಲೆ ತುಂಬುತ್ತೇನೆ.

ಅಪ್ಪನ ಪತ್ರ ಬಲದಿಂದ ಎಡಕ್ಕೆ,
ತಮ್ಮದು ರಷ್ಯದ ಅಕ್ಷರದಲ್ಲಿ,
ಮೊಮ್ಮಗಳು ಶಾಲೆಯಲ್ಲಿ ಕಲಿಯುತ್ತಿರುವುದು ಮತ್ತೊಂದು.
ಒಂದೇ ಮಾತು, ಒಂದೇ ಮನೆ,
ಒಬ್ಬರ ಕಾಗದ ಇನ್ನೊಬ್ಬರಿಗೆ ಹತ್ತದು.
ಇದೊಂದು ಬದಲಾಗಲಿಲ್ಲ ನೋಡಿ ಎಂದು
ಅನುಕಲನದ ಚಿಹ್ನೆಯ ಬಾಗಿದ ಬೆನ್ನನ್ನು
ಪೆನ್ನಿನ ಹಿಂಬದಿಯಿಂದ ಸವರಿದರು.

ಮುಂದಿನ ಮಾರ್ಚಿಗೆ ಹೊರಟರು. ಮೂಲ ಹಾಳೆಗಳೂ ಹೊರಟವು.
ಮೂರು ಹೊಸವರ್ಷದ ಕಾರ್ಡು ಬಂತು, ನಾಲ್ಕನೆಯದು ಬರಲಿಲ್ಲ.
ನನ್ನ ಕಡೆ ಉಳಿದದ್ದು ಈ ನೀಲಿ ಪ್ರತಿ.
ಶಾಯಿ ತುಂಬಿದ್ದು ಮೇಲಿನ ಹಾಳೆಗೆ ಮಾತ್ರ;
ಇಲ್ಲಿರುವುದು ಬರೀ ಇರಲಿ,
ಆದ್ದರಿಂದ,
ಎಂದಿಟ್ಟುಕೊಂಡರೆ,
ಇದೇ ನಮಗೆ ಬೇಕಾದದ್ದು.
ನಡುವೆ ಐದೈದು ಅಕ್ಷರದ ಬಯಲು.

ರದ್ದಿಯವನು ಕಟ್ಟನ್ನು ಬೆರಳಿಂದ ತಟ್ಟಿ ನೋಡಿದ.
ಏನಿದು ಮಾವಶಿ, ಇಷ್ಟು ಜೋಪಾನ?
ತಾಂಬೆ, ಅಂದೆ, ತಾಮ್ರ.
ಅವನ ಕಣ್ಣು ಹೊಳೆಯಿತು:
ಹಾಗಿದ್ದರೆ ರೇಟು ಬೇರೆ.