ಆಲ್ದೂರು ದಾಟಿದ ಮೇಲೆ

ಹದಿನಾಲ್ಕು ವರ್ಷದಿಂದ ಟ್ಯಾಕ್ಸಿ ಓಡಿಸುತ್ತೇನೆ.
ಗಿರಿ ನೋಡಲು ಬರುವವರ ಹೊಟ್ಟೆ ನನಗೆ ಗೊತ್ತು:
ಕೈಮರದಲ್ಲಿ ಹಾಡು, ಐದನೇ ತಿರುವಿಗೆ ಮೌನ,
ಆಮೇಲೆ 'ಸ್ವಲ್ಪ ಸೈಡಿಗೆ ಹಾಕಿ ಅಣ್ಣ.'
ನಿಂಬೆಹಣ್ಣು ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ.

ಮಗಳು ಮಾತ್ರ ಸೈಡಿಗೆ ಹಾಕು ಅನ್ನುವುದಿಲ್ಲ.
ಒಂದು ವರ್ಷ ಎಂಟು ತಿಂಗಳು. ನಿಂಬೆಹಣ್ಣು ಕೊಟ್ಟರೆ
ಚೆಂಡು ಎಂದು ಸೀಟಿನಡಿಗೆ ಎಸೆಯುತ್ತಾಳೆ.
ರಸ್ತೆಯನ್ನೂ ನೋಡಬೇಕು, ಕನ್ನಡಿಯಲ್ಲಿ ಅವಳನ್ನೂ:
ಹಿಡಿದಿದ್ದ ಗೊಂಬೆಯ ಕಾಲು ಜಾರಿತು,
ಆಕಳಿಕೆ ಒಂದು, ಇನ್ನೊಂದು, ತುಟಿ ಬಿಳಿಚಿತು,
'ಟವೆಲ್ಲು, ಟವೆಲ್ಲು' ಅನ್ನುವಷ್ಟರಲ್ಲಿ
ಬೆಳಗಿನ ರಾಗಿಸರಿಯೆಲ್ಲ
ಫ್ಲೇವಿಯಾಳ ಹೊಸ ಸೀರೆಯ ಮೇಲೆ.

ಮದ್ದು ಹೇಳದವರಿಲ್ಲ.
ಅತ್ತೆ ಶುಂಠಿ ಅಂದರು. ಮೆಡಿಕಲ್ಲಿನ ಹುಡುಗ ಅರ್ಧ ಚಮಚ ಅಂದ.
ಸ್ಟ್ಯಾಂಡಿನ ಇಕ್ಬಾಲ್, 'ಹಳೇ ಪೇಪರ್ ಹಾಸಿ ಕೂರಿಸು, ಬರೋದೇ ಇಲ್ಲ.'
ಹಾಸಿದ್ದೆ.
ಪೇಪರಿಗೂ ಬಂತು.

ಆಲ್ದೂರು ದಾಟಿ, ಮೈಲಿಗಲ್ಲಿನ ಪಕ್ಕ ನಿಲ್ಲಿಸಿ
ಬಾಟಲಿ ನೀರಲ್ಲಿ ಗಲ್ಲ, ಕುತ್ತಿಗೆ, ಬೆರಳ ಸಂದು ತೊಳೆದೆವು.
ಅಷ್ಟರಲ್ಲಿ ಅವಳಿಗೆ ಎಲ್ಲ ಮರೆತಿತ್ತು.
ಚಡ್ಡಿಯಲ್ಲೇ ನಡೆಯತೊಡಗಿದಳು, ಸರಿಯಾಗಿ
ಮೂಡಿಗೆರೆಯ ಕಡೆಗೇ,
ನನ್ನ ಬೆರಳೊಂದು ಅವಳ ಮುಷ್ಟಿಯಲ್ಲಿ.
ಹಿಂದೆ ಫಸ್ಟ್ ಗೇರಿನಲ್ಲಿ ಫ್ಲೇವಿಯಾ, ಇಂಡಿಕೇಟರ್ ಮಿಣುಕಿಸುತ್ತ.
ಎಷ್ಟು ಸಾವಿರ ಸಲ ಸ್ಟೇರಿಂಗ್ ತಿರುಗಿಸಿದ್ದೆನೋ ಇಲ್ಲಿ!
ಅವಳ ಹೆಜ್ಜೆಗೆ ಇದು ತಿರುವೇ ಅಲ್ಲ,
ನೆಟ್ಟಗಿನ ದಾರಿ, ಮಧ್ಯೆ ಒಂದು ಇರುವೆ ಸಾಲು,
ಅದಕ್ಕೂ ಐದು ನಿಮಿಷ.

ನಾವು ಮುಟ್ಟುವಷ್ಟರಲ್ಲಿ ಬಾಮೈದನ ರೋಸಿಗೆ
ತೆಂಗಿನಹಾಲು ಖಾಲಿಯಾಗಿರುತ್ತದೆ.
ಆಗಲಿ.