ಮೆಣಸಿನಕಾಯಿ ಕೊನೆಗೆ

ಮೊದಲು ಅಕ್ಕಿ, ಆಮೇಲೆ ಗೋಧಿ, ಆಮೇಲೆ ರಾಗಿ,
ಮೆಣಸಿನಕಾಯಿ ಕೊನೆಗೆ.
ಮತ್ತೀಕೆರೆಯ ಈ ಗಿರಣಿಯಲ್ಲಿ ಇಪ್ಪತ್ತಾರು ವರ್ಷದಿಂದ
ಇದೇ ಕಟ್ಟಳೆ.
ಖಾರ ಹಾದ ಕಲ್ಲಿಗೆ ಅವತ್ತು ಮತ್ತೆ ಅಕ್ಕಿ ಹಾಕುವಂತಿಲ್ಲ,
ಯಾರು ಬಂದು ಕೈ ಮುಗಿದರೂ.

ಬೆಲ್ಟು ಜಾರಿದರೆ ನನಗೆ ಬೀದಿಯಿಂದಲೇ ತಿಳಿಯುತ್ತದೆ.
ಮುನಿವೆಂಕಟನಿಗಿಂತ ಮೊದಲು ಓಡಿ
ಚಿಟಿಕೆ ರಾಳದ ಪುಡಿ ಎರಚುತ್ತೇನೆ.
ನನ್ನದೇ ಎದೆಯ ಬೆಲ್ಟು ಜಾರಿದ್ದು ತಿಳಿಯಲಿಲ್ಲ,
ಆಷಾಢದ ಒಂದು ಮಧ್ಯಾಹ್ನ ಕರೆಂಟು ಹೋಗುವ ತನಕ.
ಮೋಟಾರು ನಿಂತಿತು, ಫ್ಯಾನು ನಿಂತಿತು,
ಹಿಟ್ಟಿನ ಮಂಜು ಮೆಲ್ಲಗೆ ಕೆಳಗೆ ಕೂತಿತು.
ನಿಲ್ಲದ್ದು ಒಂದೇ:
ಎರಡು ಹೆಜ್ಜೆ, ಒಂದು ಎಡವು, ಮೂರು ಓಟ,
ಆಮೇಲೆ ಏನೂ ಇಲ್ಲ,
ಆಮೇಲೆ ಯಾರೋ ಮೆಟ್ಟಿಲಿಂದ ಬಿಂದಿಗೆ ಉರುಳಿಸಿದ ಹಾಗೆ.

ಡಾಕ್ಟರು ಚಿಕ್ಕವನು, ನನ್ನ ತಂಗಿ ಮಗನ ವಯಸ್ಸು.
ತೊಡೆಸಂದಿನ ನರದೊಳಗಿಂದ ತಂತಿ ಹೋಗುತ್ತದಂತೆ,
ಎದೆಯ ಒಳಗೋಡೆಗೆ ಚುಕ್ಕಿ ಚುಕ್ಕಿಯಾಗಿ ಸುಡುತ್ತಾರಂತೆ.
ಕಲ್ಲಿಗೆ ಮುಳ್ಳು ಹೊಡೆಸಿದ ಹಾಗಾ, ಕೇಳಿದೆ.
ಅವನಿಗೆ ಆ ಮುಳ್ಳು ಗೊತ್ತಿಲ್ಲ. ಹೇಳಿಕೊಟ್ಟೆ:
ಸವೆದು ನುಣುಪಾದ ಕಲ್ಲು ಕಾಳನ್ನು ಹಿಡಿಯೋದಿಲ್ಲ,
ಉಳಿ ತಗೊಂಡು ಕೂತು ಕುಳಿ ಕುಳಿ ಮಾಡಬೇಕು,
ಆಗ ಮತ್ತೆ ಮಾತು ಕೇಳುತ್ತೆ.
ನಕ್ಕ. ಇದು ಉಲ್ಟಾ ಅಮ್ಮಾ,
ಸುಟ್ಟ ಗಾಯ ಒಣಗಿ ಗೋಡೆಯಾಗುತ್ತೆ,
ದಾರಿ ತಪ್ಪಿದ ಕರೆಂಟು ಅದನ್ನು ದಾಟೋದಿಲ್ಲ.
ನೂರರಲ್ಲಿ ಎಪ್ಪತ್ತು ಜನಕ್ಕೆ ಸರಿಹೋಗುತ್ತೆ.
ಕೆಲವರಿಗೆ ಎರಡನೇ ಸಲ.

ಮಿಕ್ಕ ಮೂವತ್ತರಲ್ಲಿ ನನ್ನ ಮುಖ ಹುಡುಕಿದೆ.

ಸುಮ್ಮನಿದ್ದರೆ?
ಮಾತ್ರೆ ಇದೆ, ಅಂದ. ಆದರೆ ಸಾಸಿವೆಯಷ್ಟು ರಕ್ತ ಹೆಪ್ಪುಗಟ್ಟಿ
ತಲೆಗೆ ಏರಿದರೆ ಸಾಕು.
ಗೊತ್ತು. ನಮ್ಮ ಓರಗಿತ್ತಿ ಚನ್ನಾಜಮ್ಮನ ಅರ್ಧ ಮಾತು
ಈಗಲೂ ಬಾಯಿಯ ಬಲಗಡೆಯಿಂದ ಸುರಿದುಹೋಗುತ್ತೆ.

ಬನ್ನೇರುಘಟ್ಟ ರಸ್ತೆಯಲ್ಲಿ, ಬಸ್ಸಿನ ಕಿಟಕಿಯಾಚೆ,
ಕಬ್ಬಿಣದ ಮುಳ್ಳು ಚಾಚಿಕೊಂಡ ಕಂಬಗಳು.
ಕೆಲಸ ನಡೆಯುತ್ತಿದೆ, ಅಡಚಣೆಗೆ ಕ್ಷಮಿಸಿ.
ಆ ಬೋರ್ಡು ನನ್ನ ಕುತ್ತಿಗೆಗೂ ಒಂದು ಇರಲಿ ಅಂತ
ನಗು ಬಂತು ಡೈರಿ ಸರ್ಕಲ್ಲಿನ ಹತ್ತಿರ.
ಪಕ್ಕದಾಕೆ ಬ್ಯಾಗು ತುಸು ಆಚೆಗೆಳೆದುಕೊಂಡಳು.

ಒಪ್ಪಿಗೆಯ ಕಾಗದ ಐದು ದಿನದಿಂದ ಗಲ್ಲದ ಮೇಲಿದೆ,
ಹಾರದಿರಲೆಂದು ಅದರ ಮೇಲೆ ಅರ್ಧ ಕೇಜಿ ತೂಕದ ಕಲ್ಲು.
ಸಾವು ಎಂಬ ಪದ ಏಳನೆಯ ಸಾಲಿನಲ್ಲಿದೆ,
ಜ್ವರಕ್ಕೂ ಊತಕ್ಕೂ ನಡುವೆ,
ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ.

ಹೊರಡುವಾಗ ಅವನನ್ನು ಕೇಳಿದ್ದೆ:
ಸರಿಹೋಯಿತು ಅಂತ ನನಗೆ ಹೇಗೆ ತಿಳಿಯುತ್ತೆ?
ತಿಳಿಯೋದೇ ಇಲ್ಲಮ್ಮಾ. ಎದೆ ಇದೆ ಅನ್ನೋದೇ ಮರೆತುಹೋಗುತ್ತೆ.
ಅಲ್ಲೇ ನಾನು ಸಿಕ್ಕಿಕೊಂಡದ್ದು.
ಮೂರು ವರ್ಷ ರಾತ್ರಿ ಎರಡು ಗಂಟೆಗೆ ಎಬ್ಬಿಸಿದೆ ಅದು,
ಬೈದಿದ್ದೇನೆ, ಬೇಡಿಕೊಂಡಿದ್ದೇನೆ, ನೀರು ಕುಡಿಸಿದ್ದೇನೆ.
ಯಜಮಾನರು ಹೋದ ಮೇಲೆ ಆ ಹೊತ್ತಿನಲ್ಲಿ
ಹೆಜ್ಜೆ ಸಪ್ಪಳ ಅಂತ ಇದ್ದದ್ದು ಅದೊಂದೇ.

ಇವತ್ತು ಮುಚ್ಚುವ ಹೊತ್ತು. ಮೆಣಸಿನಕಾಯಿ ಮುಗಿದಿತ್ತು,
ಸೀನು ಮುಗಿದಿರಲಿಲ್ಲ.
ಹಿಂದಿನ ಬೀದಿಯ ನೂರೈನ್ ಬಂದಳು, ಸ್ಟೀಲಿನ ಡಬ್ಬ, ಅಕ್ಕಿ.
ಸ್ವಲ್ಪವೇ ಆಂಟಿ.
ಆಗಲ್ಲಮ್ಮ, ಖಾರ ಹಾಕಿಯಾಯಿತು.
ನಾಳೆ?
ನಾಳೆ ಗುರುವಾರ.
ಬೆಲ್ಟು ಕಳಚುತ್ತಿದ್ದ ಮುನಿವೆಂಕಟ ತಿರುಗಿ ನೋಡಿದ.
ಸೋಮವಾರ ಬಾ, ಅಂದೆ,
ಹೊಟ್ಟು ಹಾಕಿ ಕಲ್ಲು ಚೊಕ್ಕ ಮಾಡಿರ್ತೀವಿ,
ಮೊದಲ ಅಕ್ಕಿ ನಿಂದೇ.

ಡಬ್ಬ ಬಿಟ್ಟು ಹೋದಳು.
ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಅವಳ ಹೆಸರು ಬರೆದೆ.
ಮೊದಲ ಅಕ್ಷರದಲ್ಲೇ ಕೊಂಬು ಜಾರಿತು.
ಸೆರಗಿನಿಂದ ಒರೆಸಿ ಮತ್ತೆ ಬರೆದೆ.